ಹನ್ನೆರಡೂವರೆ ಗಾಡಿ

ಮಂಗಳವಾರ ಮಧ್ಯಾಹ್ನ 12 ಗಂಟೆ 24 ನಿಮಿಷಕ್ಕೆ ವಿಮಾನ ನಿಲ್ದಾಣದ ಭದ್ರತಾಧಿಕಾರಿ ಏದುಸಿರು ಬಿಡುತ್ತ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಕಾರು ನಿಲ್ಲಿಸುವ ಜಾಗದ ಹಿಂದಿನ ಎರಡು ಕೋಣೆಯ ಠಾಣೆ ಅದು. ಅಲ್ಲಿಗೆ ಬರುವ ದೂರುಗಳೆಂದರೆ ಕಳೆದುಹೋದ ಸೂಟ್‌ಕೇಸು, ಅದಲುಬದಲಾದ ಸೂಟ್‌ಕೇಸು, ಚಕ್ರ ಮುರಿದ ಸೂಟ್‌ಕೇಸು. ಹೀಗಾಗಿ ಹೆಡ್ ಕಾನ್‌ಸ್ಟೇಬಲ್ ರಿಜಿಸ್ಟರಿನಿಂದ ತಲೆಯೆತ್ತದೆಯೇ, "ಬಣ್ಣ ಯಾವುದು?" ಎಂದು ಕೇಳಿದರು.

"ಬಣ್ಣ ಅಲ್ಲ ಕಣ್ರೀ, ಬಾಂಬು," ಎಂದರು ಭದ್ರತಾಧಿಕಾರಿ.

ದೂರಿನ ಸಾರಾಂಶ ಇಷ್ಟು. 12 ಗಂಟೆ 11 ನಿಮಿಷಕ್ಕೆ ನಿಲ್ದಾಣದ ಮ್ಯಾನೇಜರರ ಕಚೇರಿಗೆ ಒಂದು ಕರೆ ಬಂದಿದೆ. ಗಂಡಸಿನ ದನಿ, ಹದಿನಾಲ್ಕು ಸೆಕೆಂಡಿನ ಮಾತು. 12-30ಕ್ಕೆ ಹೊರಡುವ ವಿಮಾನದಲ್ಲಿ ಬಾಂಬ್ ಇದೆ ಎಂದು ಹೇಳಿ ಕರೆ ಕಡಿದಿದ್ದಾನೆ. 586 ಕಿಲೋಮೀಟರ್ ದೂರದ ಊರಿಗೆ ದಿನಕ್ಕೊಂದೇ ಹೋಗುವ ಸಣ್ಣ ವಿಮಾನ ಅದು. ಒಂದು ಗಂಟೆ ಐದು ನಿಮಿಷದ ಹಾರಾಟ. ಬಾಗಿಲು ಮುಚ್ಚಿ ಇನ್ನೇನು ಹೊರಡಬೇಕು ಅನ್ನುವಾಗ ನಿಲ್ಲಿಸಲಾಗಿದೆ. ಒಳಗೆ ಎಪ್ಪತ್ತೊಂದು ಪ್ರಯಾಣಿಕರಿದ್ದಾರೆ.

ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡರು. ನಾಲ್ಕು ವರ್ಷದಿಂದ ಇದೇ ಠಾಣೆಯಲ್ಲಿದ್ದರೂ ಒಂದು ದಿನವೂ ವಿಮಾನ ಹತ್ತಿದವರಲ್ಲ ಅವರು. ಹೆಂಡತಿ ಅದನ್ನೇ ಇಟ್ಟುಕೊಂಡು ಆಡಿಕೊಳ್ಳುತ್ತಿದ್ದಳು, ಮಿಠಾಯಿ ಅಂಗಡಿ ಕಾಯುವ ಸಕ್ಕರೆ ಕಾಯಿಲೆಯವನು ಎಂದು. ಹೆಡ್ ಕಾನ್‌ಸ್ಟೇಬಲ್ಲನ್ನು ಠಾಣೆಯವರೆಲ್ಲ ಮಹಜರ್ ಮಾಮ ಎನ್ನುತ್ತಿದ್ದರು. ಕಳೆದುಹೋದ ಛತ್ರಿಗೂ ಮೂರು ಪುಟದ ಪಂಚನಾಮೆ ಬರೆಯುವ ಕೈ ಅವರದು. FIR ದಾಖಲಾದಾಗ 12-50.

ಪ್ರಯಾಣಿಕರನ್ನೆಲ್ಲ ಇಳಿಸಿ ಒಂದು ಉದ್ದನೆಯ ಹಾಲಿನಲ್ಲಿ ಕೂರಿಸಿದರು. ಶ್ವಾನದಳ ಬಂತು. ಒಂದೊಂದೇ ಪೆಟ್ಟಿಗೆ ಇಳಿಸಿ ನೆಲದ ಮೇಲೆ ಸಾಲಾಗಿ ಇಟ್ಟರು. ಹಾಲಿನಲ್ಲಿ ಮಗುವೊಂದು ಅಳುತ್ತಿತ್ತು, ಟೈ ಕಟ್ಟಿದವರೊಬ್ಬರು ನಷ್ಟ ಯಾರು ಕಟ್ಟಿಕೊಡ್ತಾರೆ ಎಂದು ಕೂಗಾಡುತ್ತಿದ್ದರು. ಕಿಟಕಿಯ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ಮಾತ್ರ ಕೂಗಲೂ ಇಲ್ಲ, ಕೂರಲೂ ಇಲ್ಲ. ನಲವತ್ತರ ಹತ್ತಿರದವಳು. ಕೊರಳಲ್ಲಿ ದರ್ಜಿಯ ಅಳತೆ ಟೇಪು ಹಾಗೇ ಜೋತಾಡುತ್ತಿತ್ತು, ತೋಳಿನ ಮೇಲೆ ನೀಲಿ ದಾರದ ಚೂರುಗಳಿದ್ದವು. ಅವಳ ಕಣ್ಣು ನಿಂತ ವಿಮಾನದ ಮೇಲಿತ್ತು.

ಇಲಾಖೆಯ ಸುತ್ತೋಲೆಯಲ್ಲಿ ಅನುಮಾನಕ್ಕೆ ಮೂರು ಗುರುತು ಹೇಳಿದೆ: ಅದೇ ದಿನ ಕೊಂಡ ಟಿಕೆಟ್ಟು, ಲಗೇಜಿಲ್ಲದ ಪ್ರಯಾಣ, ಆಫ್ ಆದ ಫೋನು. ಎಪ್ಪತ್ತೊಂದು ಜನರಲ್ಲಿ ಮೂರೂ ಕೂಡಿಬಂದದ್ದು ಅವಳಿಗೊಬ್ಬಳಿಗೆ. 1-35ಕ್ಕೆ ಅವಳನ್ನು ಪಕ್ಕದ ಕೋಣೆಗೆ ಕರೆಸಲಾಯಿತು. ಇನ್‌ಸ್ಪೆಕ್ಟರ್ ಕೇಳಿದರು, ಮಹಜರ್ ಮಾಮ ಬರೆದುಕೊಂಡರು, ಮಹಿಳಾ ಕಾನ್‌ಸ್ಟೇಬಲ್ ಬಾಗಿಲ ಬಳಿ ನಿಂತಳು.

"ಟಿಕೆಟ್ ಯಾವಾಗ ತಗೊಂಡ್ರಿ?"

"ಬೆಳಿಗ್ಗೆ ಒಂಬತ್ತಕ್ಕೆ."

"ಅಷ್ಟು ಅವಸರ ಏನಿತ್ತು?"

"ಅಕ್ಕ ಆಸ್ಪತ್ರೇಲಿದಾಳೆ. ಇವತ್ತು ದಾಟೋದು ಕಷ್ಟ ಅಂದ್ರಂತೆ ಡಾಕ್ಟರು. ಭಾವ ಫೋನ್ ಮಾಡಿದ್ರು. ಕೆಲಸದಿಂದ ಹಾಗೇ ಎದ್ದು ಬಂದೆ."

"ಲಗೇಜು?"

"ಸಾಯೋರನ್ನ ನೋಡೋಕೆ ಏನು ತುಂಬ್ಕೊಂಡು ಹೋಗ್ಲಿ ಸಾರ್?"

"ಫೋನ್ ಯಾಕೆ ಆಫಾಗಿದೆ?"

"ಚಾರ್ಜಿಲ್ಲ. ಹತ್ತು ನಲವತ್ತರಲ್ಲಿ ಟ್ಯಾಕ್ಸೀಲಿದ್ದಾಗ ಭಾವ ಮತ್ತೆ ಮಾಡಿದ್ರು, ಎಲ್ಲಿದೀಯ ಅಂತ. ಏರ್‌ಪೋರ್ಟಿಗೆ ಬರೋಕೆ ಒಂದು ಗಂಟೆ ಆಗುತ್ತೆ ಅಂದೆ. ಅಷ್ಟು ಹೇಳೋದ್ರಲ್ಲಿ ಆಫಾಯ್ತು."

"ಬಂದಿದ್ದು?"

"ಹನ್ನೊಂದು ನಲವತ್ತಕ್ಕೆ. ಬೆಲ್ಟ್ ಹಾಕ್ಕೊಂಡು ಕೂತಿದ್ದೆ ಸಾರ್. ಬಾಗಿಲೂ ಮುಚ್ಚಿತ್ತು."

ಭಾವನ ನಂಬರು ಕೇಳಿದಾಗ ತಡವರಿಸದೆ ಹೇಳಿದಳು. ಮಾಮ ಬರೆದುಕೊಂಡು ಸಹಿ ಹಾಕಿಸಿದರು. ಏಳುವ ಮುಂಚೆ ಅವಳು ಮೇಜಿನ ಅಂಚು ಹಿಡಿದು, "ಅಕ್ಕನ ಹತ್ರ ಮಾತು ಬಿಟ್ಟು ಒಂಬತ್ತು ವರ್ಷ ಆಯ್ತು ಸಾರ್. ಇವತ್ತು ಅವಳೇ ಕರೆಸಿದಾಳೆ," ಎಂದಳು. ಇನ್‌ಸ್ಪೆಕ್ಟರ್ ಹೇಳಿದ್ದು ಇಷ್ಟೇ, "ತಪಾಸಣೆ ಮುಗೀಲಿ, ಮೂರು ಗಂಟೆಗೆ ಬಿಡ್ತೀವಿ," ಎಂದು.

ಮೂರಕ್ಕೆ ಬಿಟ್ಟಿದ್ದರೆ ನಾಲ್ಕೂ ಐದಕ್ಕೆ ಆ ಊರು ಮುಟ್ಟುತ್ತಿತ್ತು. ಆದರೆ 2-19ಕ್ಕೆ ಮ್ಯಾನೇಜರರ ಫೋನು ಮತ್ತೆ ಬಡಿದುಕೊಂಡಿತು. ಅದೇ ದನಿ. ಈ ಸಲ ನಡುಗುತ್ತಿತ್ತು. "ಆಗ ಹೇಳಿದ್ದು ಸುಳ್ಳು. ಅದರಲ್ಲಿ ಏನೂ ಇಲ್ಲ. ಗಾಡಿ ಬಿಟ್ಟುಬಿಡಿ, ಕೈ ಮುಗೀತೀನಿ, ಈಗಲೇ ಬಿಟ್ಟುಬಿಡಿ."

ಬಿಡಿ ಎಂದರೆ ಬಿಡುವುದಕ್ಕೆ ನಿಯಮದ ಪುಸ್ತಕದಲ್ಲಿ ಅವಕಾಶವಿರಲಿಲ್ಲ. ಬಾಂಬ್ ಇಟ್ಟವನು ಹಾರಾಟವನ್ನು ಅವಸರಪಡಿಸಿದರೆ ಮೊದಲಿಗಿಂತ ಹೆಚ್ಚು ಹೆದರಬೇಕು, ಸರಕಿನ ಕೋಣೆ ಸಮೇತ ಎಲ್ಲವನ್ನೂ ಮೊದಲಿನಿಂದ ನೋಡಬೇಕು. 2-25ಕ್ಕೆ ಮರುತಪಾಸಣೆಯ ಆದೇಶಕ್ಕೆ ಇನ್‌ಸ್ಪೆಕ್ಟರ್ ಸಹಿ ಹಾಕಿದರು. ಏನೂ ಸಿಗಲಿಲ್ಲ. ವಿಮಾನ ಹೊರಟಾಗ 4-40.

ಬುಧವಾರ ಬೆಳಿಗ್ಗೆ ಕರೆಗಳ ವಿವರ ಬಂತು. ಎರಡೂ ಕರೆ ಬಂದದ್ದು ವಿಮಾನ ಹೋಗಬೇಕಿದ್ದ ಊರಿನಿಂದಲೇ. ಮೊದಲನೆಯದು ಆಸ್ಪತ್ರೆಯೊಂದರ ಗೇಟಿನ ಮುಂದೆ ಹಣ್ಣು ಮಾರುವವನ ಫೋನು, ಎರಡನೆಯದು ಅದೇ ಆಸ್ಪತ್ರೆಯ ಔಷಧಿ ಅಂಗಡಿಯವನದು. ಅಲ್ಲಿನ ಠಾಣೆಯವರು ಇಬ್ಬರನ್ನೂ ವಿಚಾರಿಸಿ ತಿಳಿಸಿದರು. ಆಸ್ಪತ್ರೆ ಮುಂದೆ ದಿನಕ್ಕೆ ಹತ್ತಾರು ಜನ ಒಂದು ನಿಮಿಷ ಫೋನ್ ಕೊಡಿ ಎಂದು ಕೇಳುತ್ತಾರೆ, ಕೊಡದಿದ್ದರೆ ಪಾಪ, ಯಾರ ಮುಖ ಅಂತ ನೆನಪಿಡೋದು ಎಂದು ಹಣ್ಣಿನವನು ಕೈ ಆಡಿಸಿದ್ದನಂತೆ. ಔಷಧಿ ಅಂಗಡಿಯವನಿಗೆ ಒಂದು ನೆನಪಿತ್ತು: ಫೋನ್ ಕೇಳಿದವನ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸೀಟಿ ಇತ್ತು.

"ಸೀಟಿ ಅಂದ್ರೆ ಮೇಷ್ಟ್ರಾ? ಆಟ ಆಡಿಸೋ ಮೇಷ್ಟ್ರು?" ಎಂದರು ಇನ್‌ಸ್ಪೆಕ್ಟರ್.

ಮಹಜರ್ ಮಾಮ ಎರಡು ಧ್ವನಿಮುದ್ರಿಕೆಗಳನ್ನೂ ಮತ್ತೆ ಹಾಕಿದರು. "ಹನ್ನೆರಡೂವರೆ ಗಾಡಿ ಬಿಡಬೇಡಿ. ಅದರಲ್ಲಿ ಬಾಂಬಿದೆ. ಪೂರ್ತಿ ಚೆಕ್ ಮಾಡಿ ಆಮೇಲೆ ಬಿಡಿ. ಯಾರಿಗೂ ಏನೂ ಆಗಬಾರದು."

"ಯಾರಿಗೂ ಏನೂ ಆಗಬಾರದಂತೆ. ಎಂಥಾ ಸಭ್ಯಸ್ಥ ಬಾಂಬಿನವನು ನೋಡಿ," ಎಂದು ನಕ್ಕ ಮಾಮ, ತಟ್ಟನೆ ನಗು ನಿಲ್ಲಿಸಿದರು. "ಸಾರ್, ಇವನು ವಿಮಾನ ಅಂತಾನೇ ಇಲ್ಲ. ಎರಡು ಸಲಾನೂ ಗಾಡಿ ಅಂದಿದಾನೆ. ಹನ್ನೆರಡೂವರೆ ಗಾಡಿ."

"ಅದಕ್ಕೇನೀಗ?"

"ನಮ್ಮ ಸೋದರಮಾವ ಬಸ್ ಡಿಪೋದಲ್ಲಿದ್ರು. ಅವರಿಗೆ ಚಕ್ರ ಇದ್ದಿದ್ದೆಲ್ಲ ಗಾಡಿ, ಟೈಮೇ ಅದರ ಹೆಸರು. ನನ್ನ ಮದುವೆ ದಿನ ಹೆಣ್ಣಿನ ಕಡೆಯವರನ್ನ 'ಎಂಟು ಹತ್ತರ ಪಾರ್ಟಿ ಬಂತಾ' ಅಂತ ಕೇಳಿದ್ರು. ಇವನು ಬಸ್ಸಿನವನು ಸಾರ್. ಸೀಟಿ ಬೇರೆ."

ಗುರುವಾರ ಬೆಳಿಗ್ಗೆ ಹತ್ತಕ್ಕೆ ಮಹಿಳಾ ಕಾನ್‌ಸ್ಟೇಬಲ್ ಇನ್‌ಸ್ಪೆಕ್ಟರರ ಮೇಜಿನ ಮುಂದೆ ಬಂದು ನಿಂತಳು. ರಾತ್ರಿಯಿಡೀ ನಿದ್ದೆಯಿಲ್ಲದ ಮುಖ.

"ಸಾರ್, ನನ್ನಿಂದೊಂದು ತಪ್ಪಾಗಿದೆ. ಮಂಗಳವಾರ ಆ ಟೈಲರಮ್ಮನ ಹೇಳಿಕೆ ಆದ್ಮೇಲೆ ನನ್ನ ಫೋನ್ ಕೊಟ್ಟೆ. ಭಾವಂಗೆ ಒಂದು ಮಾತು ಹೇಳ್ತೀನಿ ಅಂದ್ರು. ಪ್ರಯಾಣಿಕರಿಗೆ ಫೋನ್ ಕೊಡಬಾರದು ಅಂತ ಗೊತ್ತಿತ್ತು. ಮನಸ್ಸು ತಡೀಲಿಲ್ಲ."

"ಎಷ್ಟೊತ್ತಿಗೆ?"

ಅವಳು ಫೋನು ತೆಗೆದು ನೋಡಿದಳು. "ಎರಡು ಹತ್ತು. ಎರಡು ನಿಮಿಷ ಮಾತು."

"ಏನು ಹೇಳಿದ್ರು?"

"ನಾನು ಒಳಗೇ ಇದ್ದೆ ಭಾವ, ಬೆಲ್ಟೂ ಹಾಕಿದ್ದೆ, ಯಾವನೋ ಬಾಂಬಿದೆ ಅಂತ ಫೋನ್ ಮಾಡಿ ಎಲ್ಲರನ್ನೂ ಇಳಿಸಿಬಿಟ್ಟ ಅಂದ್ರು. ಆಮೇಲೆ ಬೈದ್ರು. ಆ ಫೋನ್ ಮಾಡಿದೋನ ಬಾಯಿಗೆ ಹುಳ ಬೀಳ ಅಂತ. ಆ ಕಡೆಯಿಂದ ಮಾತೇ ಬರಲಿಲ್ಲ. ಕಟ್ಟಾಯ್ತೇನೋ ಅಂತ ಎರಡು ಸಲ ಹಲೋ ಅಂದ್ರು."

ಇನ್‌ಸ್ಪೆಕ್ಟರ್ ಸಮಯ ಲೆಕ್ಕ ಹಾಕಿದರು. ಟೈಲರಮ್ಮ ಮಾತು ಮುಗಿಸಿದ್ದು 2-12. ಎರಡನೇ ಕರೆ ಬಂದದ್ದು 2-19. ನಡುವೆ ಏಳು ನಿಮಿಷ. ವಾರ್ಡಿನಿಂದ ಓಡಿ ಔಷಧಿ ಅಂಗಡಿಗೆ ಬರಲು ಅಷ್ಟು ಸಾಕು. ಮಹಜರ್ ಮಾಮ ಮಂಗಳವಾರದ ಹೇಳಿಕೆ ತೆಗೆದು ಭಾವನ ನಂಬರಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಮೂವರೂ ಅದನ್ನೇ ನೋಡಿದರು.

ಅನುಮಾನ ಬೇರೆ, ಸಾಕ್ಷಿ ಬೇರೆ. ಆ ನಂಬರಿನಿಂದ ಮಂಗಳವಾರ ಹೋದ ಕರೆಗಳನ್ನು ತರಿಸಿದಾಗ, 11-50ಕ್ಕೆ ವಿಮಾನ ಕಂಪನಿಯ ವಿಚಾರಣಾ ಕೌಂಟರಿಗೆ ಒಂದು ಕರೆ ಕಂಡಿತು. ಅದಕ್ಕೂ ಮುಂಚೆ ನಾದಿನಿಯ ನಂಬರಿಗೆ ಹದಿಮೂರು ಸಲ ಪ್ರಯತ್ನಿಸಲಾಗಿತ್ತು. ಕೌಂಟರಿನ ಹುಡುಗಿಗೆ ಆ ಕರೆ ಚೆನ್ನಾಗಿ ನೆನಪಿತ್ತು. ಆವತ್ತು ಊಟದ ಹೊತ್ತಿಗೆ ಅದನ್ನೇ ಹೇಳಿ ಗೆಳತಿಯರನ್ನು ನಗಿಸಿದ್ದಳು.

"ಹನ್ನೆರಡೂವರೆ ಗಾಡಿ ಒಂದರ್ಧ ಗಂಟೆ ಹಿಡಿದು ನಿಲ್ಲಿಸ್ತೀರಾ ಮೇಡಂ, ನಮ್ಮ ಪ್ಯಾಸೆಂಜರ್ ಒಬ್ಬರು ದಾರೀಲಿದಾರೆ ಅಂದ್ರು. ಇದು ಸಿಟಿ ಬಸ್ಸಲ್ಲ ಸರ್ ಅಂದೆ."

"ಅಷ್ಟೇನಾ?"

"ಅವರು ಬಂದ್ರಾ ಇಲ್ವಾ, ಅದಾದ್ರೂ ನೋಡಿ ಹೇಳಿ ಅಂದ್ರು. ಪ್ರಯಾಣಿಕರ ವಿಷಯ ಹೊರಗಿನವರಿಗೆ ಹೇಳೋ ಹಾಗಿಲ್ಲ ಅಂದೆ. ನಿಯಮ ಸರ್."

"ಆಗ ಆಕೆ ಎಲ್ಲಿದ್ರು, ನೋಡಿ ಹೇಳ್ತೀರಾ?"

ಹುಡುಗಿ ಪರದೆಯಲ್ಲಿ ಹುಡುಕಿದಳು. ಹನ್ನೊಂದು ನಲವತ್ತೊಂದಕ್ಕೆ ಆಕೆಗೆ ಸೀಟು ಕೊಟ್ಟಾಗಿತ್ತು. ಕೊಟ್ಟದ್ದು ಅದೇ ಹುಡುಗಿಯ ಪಕ್ಕದ ಕೌಂಟರಿನಲ್ಲಿ, ನಾಲ್ಕು ಹೆಜ್ಜೆ ದೂರದಲ್ಲಿ. ಹೇಳಿಕೆಗೆ ಸಹಿ ಹಾಕುವಾಗ ಅವಳು ಪೆನ್ನನ್ನು ಎರಡು ಸಲ ಕೆಳಗಿಟ್ಟಳು.

ಇಲಾಖೆಗೆ ವಿಮಾನದ ಟಿಕೆಟ್ಟು ಕೊಡುವಷ್ಟು ಉದಾರತನ ಇರಲಿಲ್ಲ. ಇನ್‌ಸ್ಪೆಕ್ಟರ್, ಮಹಜರ್ ಮಾಮ, ಮಹಿಳಾ ಕಾನ್‌ಸ್ಟೇಬಲ್ ಶುಕ್ರವಾರ ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿದರು. ಅರವತ್ತೈದು ನಿಮಿಷದ ಆಕಾಶ, ನೆಲದ ಮೇಲೆ ಹನ್ನೊಂದೂವರೆ ಗಂಟೆ. ಸೊಂಟ ಹಿಡಿದುಕೊಂಡು ಇಳಿದ ಮಾಮ, "ಹಕ್ಕಿಗೆ ಒಂದು ಲೆಕ್ಕ, ಇರುವೆಗೆ ಒಂದು ಲೆಕ್ಕ," ಎಂದು ಗೊಣಗಿದರು.

ಶನಿವಾರ ಬೆಳಿಗ್ಗೆ ಆಸ್ಪತ್ರೆಯ ದಾಖಲೆ ನೋಡಿದರು. ಅಕ್ಕ ತೀರಿಕೊಂಡದ್ದು ಮಂಗಳವಾರ ಸಂಜೆ 5-20ಕ್ಕೆ. ತಂಗಿಯ ವಿಮಾನ ಇಳಿದದ್ದು 5-45. ಅವಳು ವಾರ್ಡಿಗೆ ಬಂದಾಗ 6-10 ಆಗಿತ್ತು ಎಂದು ನರ್ಸ್ ಹೇಳಿದಳು. ಇನ್‌ಸ್ಪೆಕ್ಟರ್ ತಮ್ಮ ಪುಟ್ಟ ಡೈರಿಯ ಅಂಚಿನಲ್ಲಿ ಒಂದು ಲೆಕ್ಕ ಹಾಕಿದರು. ಮೂರಕ್ಕೆ ಬಿಟ್ಟಿದ್ದರೆ ನಾಲ್ಕೂವರೆಗೆ ಅವಳು ಇದೇ ಬಾಗಿಲಲ್ಲಿರುತ್ತಿದ್ದಳು. ಅಕ್ಕನಿಗೆ ಆಗ ಇನ್ನೂ ಐವತ್ತು ನಿಮಿಷ ಇತ್ತು. ಮರುತಪಾಸಣೆಗೆ ಸಹಿ ಹಾಕಿದ ಕೈ ಅವರದೇ. ನಿಯಮದ ಪ್ರಕಾರ ಅದು ಸರಿ. ಸರಿಯಾದದ್ದೂ ಎದೆಗೆ ಚುಚ್ಚುತ್ತದೆ ಎಂದು ಅವರಿಗೆ ಆವತ್ತು ಗೊತ್ತಾಯಿತು.

ದಾಖಲೆಯಲ್ಲಿ ಗಂಡನ ಉದ್ಯೋಗ ಬಸ್ ನಿಲ್ದಾಣದ ಕಂಟ್ರೋಲರ್ ಎಂದಿತ್ತು, ಅಲ್ಲಿಂದ ಬಸ್ ನಿಲ್ದಾಣಕ್ಕೆ ಹೋದರು. ನಿಲ್ದಾಣದ ನಡುವೆ ಗಾಜಿನ ಕೋಣೆ, ಒಳಗೆ ಮೈಕು, ಗೋಡೆಯ ತುಂಬ ವೇಳಾಪಟ್ಟಿ. ಕಂಟ್ರೋಲರ್ ಕುರ್ಚಿ ಖಾಲಿ ಇತ್ತು. ಸಹಾಯಕಿ ಒಬ್ಬಳೇ ಬಸ್ಸುಗಳನ್ನು ಕೂಗುತ್ತಿದ್ದಳು.

"ಸಾಹೇಬ್ರು ರಜೇಲಿದಾರೆ. ಹೆಂಡ್ತಿ ಹೋಗಿಬಿಟ್ರು ಪಾಪ," ಎಂದಳು. "ಇಪ್ಪತ್ತೆರಡು ವರ್ಷದ ಸರ್ವೀಸು. ಯಾವ ಗಾಡಿ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳ್ತಾರೆ."

"ಗಾಡಿ ಹಿಡಿದು ನಿಲ್ಲಿಸೋದು ಉಂಟಾ ಇಲ್ಲಿ?"

"ಐದು, ಹತ್ತು ನಿಮಿಷ ನಿಲ್ಲಿಸ್ತೀವಿ ಸಾರ್. ಯಾರೋ ಓಡಿ ಬರ್ತಿರ್ತಾರೆ, ಮನುಷ್ಯತ್ವ ಅಲ್ವಾ?"

ಮೈಕಿನ ಮೇಲೆ ಗಾಜಿಗೆ ಒಂದು ರಟ್ಟು ಅಂಟಿಸಿತ್ತು. ದಪ್ಪ ಅಕ್ಷರದ ಕೈಬರಹ: 'ಒಂದು ಗಂಟೆ ಆಗುತ್ತೆ, ಎರಡು ಗಂಟೆ ಆಗುತ್ತೆ ಎಂದು ಹೇಳಬಾರದು.' ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿದರು.

"ಇದೇನಿದು?"

"ಸಾಹೇಬ್ರದೇ ಬರಹ. ಹನ್ನೊಂದಕ್ಕೆ ಯಾರೋ ಬಂದು ಗಾಡಿ ಯಾವಾಗ ಅಂತ ಕೇಳ್ತಾರೆ, ನಾವು ಒಂದು ಗಂಟೆ ಆಗುತ್ತೆ ಅಂತೀವಿ ಅನ್ಕೊಳ್ಳಿ. ಒಬ್ಬ ಇನ್ನೊಂದು ಗಂಟೆ ಹೊತ್ತು ಅಂತ ಹನ್ನೆರಡಕ್ಕೆ ಬಂದು ನಿಲ್ತಾನೆ. ಇನ್ನೊಬ್ಬ ಗಡಿಯಾರದ ಒಂದು ಅಂತ ಊಟಕ್ಕೆ ಹೋಗ್ತಾನೆ, ಗಾಡಿ ತಪ್ಪಿಸ್ಕೊಂಡು ನಮ್ಮ ಮೇಲೆ ಬೀಳ್ತಾನೆ. ಅದಕ್ಕೇ ಅರವತ್ತು ನಿಮಿಷ ಅನ್ನು, ಇಲ್ಲಾಂದ್ರೆ ಹದಿಮೂರು ಸೊನ್ನೆ ಸೊನ್ನೆ ಅನ್ನು ಅಂತಾರೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ದಿನಕ್ಕೆ ಹತ್ತು ಸಲ ಹೇಳೋರು."

ಮಹಿಳಾ ಕಾನ್‌ಸ್ಟೇಬಲ್ ಮುಖ ಆಚೆ ತಿರುಗಿಸಿಕೊಂಡಳು. ಮಾಮ ಪಂಚನಾಮೆಗೆ ಹಾಳೆ ತೆಗೆದವರು ಮತ್ತೆ ಚೀಲಕ್ಕೆ ಸೇರಿಸಿದರು.

ಕಂಟ್ರೋಲರ್ ಮನೆ ಹತ್ತಿರದಲ್ಲೇ ಇತ್ತು, ಎರಡನೇ ಮಹಡಿ. 12-20ಕ್ಕೆ ಬಾಗಿಲು ತಟ್ಟಿದರು. ತೆರೆದದ್ದು ತಂಗಿ. ಇನ್‌ಸ್ಪೆಕ್ಟರರನ್ನು ಕಂಡ ಕೂಡಲೇ ಗುರುತು ಹಿಡಿದಳು.

"ಸಿಕ್ಕಿದನಾ ಸಾರ್ ಅವನು?"

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ನಿಮ್ಮ ಭಾವನ ಹತ್ರ ಸ್ವಲ್ಪ ಮಾತಾಡೋದಿದೆ," ಎಂದರು.

ಒಳಕೋಣೆಯಿಂದ ಐವತ್ತು ದಾಟಿದ ತೆಳ್ಳನೆಯ ಗಂಡಸು ಬಂದರು. ಕೊರಳ ಗುಂಡಿಯವರೆಗೆ ಹಾಕಿಕೊಂಡ ಖಾಕಿ ಅಂಗಿ, ಜೇಬಿನಲ್ಲಿ ಪೆನ್ನು, ಸೀಟಿ. "ಬಂದ್ರಾ? ಗುರುವಾರವೇ ಬರ್ತೀರಿ ಅಂದ್ಕೊಂಡಿದ್ದೆ. ಎರಡು ದಿನ ಲೇಟು," ಎಂದು ಹೇಳಿ ನಾದಿನಿಯ ಕಡೆ ತಿರುಗಿದರು. "ಸಾರ್‌ಗೆ ನೀರು ಕೊಡಮ್ಮ."

ಅವಳು ಅಡುಗೆಮನೆಗೆ ಹೋದಳು. ಮಹಿಳಾ ಕಾನ್‌ಸ್ಟೇಬಲ್ ಅವಳ ಹಿಂದೆ ಹೋಗಿ ಬಾಗಿಲು ಮುಂದಕ್ಕೆ ಎಳೆದಳು.

"ಮಂಗಳವಾರ 12-11ರ ಕರೆ ನಿಮ್ದಾ?" ಇನ್‌ಸ್ಪೆಕ್ಟರ್ ದನಿ ತಗ್ಗಿಸಿ ಕೇಳಿದರು.

"ನಂದೇ. 14-19ರದ್ದೂ ನಂದೇ."

"ಯಾಕೆ?"

ಆತ ಜೇಬಿನಿಂದ ಸಣ್ಣ ಡೈರಿ ತೆಗೆದು ಮೇಜಿನ ಮೇಲಿಟ್ಟರು. ಮಂಗಳವಾರದ ಪುಟದಲ್ಲಿ ಬಸ್ಸಿನ ವೇಳಾಪಟ್ಟಿಯಂತೆಯೇ ಬರೆದಿತ್ತು: ದೂರ 586. ಬಿಡುವುದು 12-30. ಸೇರುವುದು 13-35. ಆಟೋ 25 ನಿಮಿಷ. ವಾರ್ಡು 14-00.

"ಇವಳಿಗೆ, ನನ್ನ ಹೆಂಡ್ತಿಗೆ, ಇದನ್ನ ಓದಿ ಹೇಳಿದ್ದೆ ಸಾರ್. ಹದಿನಾಲ್ಕು ಗಂಟೆಗೆ ನಿನ್ನ ತಂಗಿ ಬಾಗಿಲಲ್ಲಿರ್ತಾಳೆ ಅಂತ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ವಾರ್ಡಿನ ಗೋಡೆ ಗಡಿಯಾರಾನೇ ನೋಡ್ತಿದ್ಲು. ಐದು ನಿಮಿಷಕ್ಕೊಂದ್ಸಲ, ಗಾಡಿ ಬಂತಾ, ಗಾಡಿ ಬಂತಾ. ನನ್ನ ಜೊತೆ ಬಾಳಿ ಅವಳಿಗೂ ಎಲ್ಲಾ ಗಾಡೀನೇ." ಆತ ನಗಲು ಹೋಗಿ ನಿಲ್ಲಿಸಿದರು. "ಹತ್ತು ನಲವತ್ತಕ್ಕೆ ನಾದಿನಿ ಏರ್‌ಪೋರ್ಟಿಗೆ ಬರೋಕೆ ಒಂದು ಗಂಟೆ ಆಗುತ್ತೆ ಅಂದ್ಲು. ನನ್ನ ತಲೇಲಿ ಹದಿಮೂರು ಸೊನ್ನೆ ಸೊನ್ನೆ ಅಂತ ಕೂತ್ಬಿಡ್ತು. ಗಾಡಿ ಹನ್ನೆರಡೂವರೆಗೆ. ಮತ್ತೆ ಮಾಡಿದ್ರೆ ಫೋನಿಲ್ಲ. ಅರ್ಧ ಗಂಟೆ ನಿಲ್ಲಿಸಿ ಅಂತ ಕೇಳ್ಕೊಂಡೆ, ನಕ್ಕುಬಿಟ್ರು. ಬಂದಿದಾಳಾ ಹೇಳಿ ಅಂದೆ, ಹೇಳಲ್ಲ ಅಂದ್ರು. ಇವಳು ಗಾಡಿ ಬಂತಾ ಅಂತಿದಾಳೆ. ನಂಗೇನೂ ತೋಚಲಿಲ್ಲ ಸಾರ್."

"ಅರ್ಧ ಗಂಟೇಲಿ ಮುಗಿಯುತ್ತೆ ಅಂದ್ಕೊಂಡ್ರಾ?"

"ನಮ್ಮಲ್ಲಾದ್ರೆ ಸೀಟಿನ ಕೆಳಗೆ ಬಗ್ಗಿ ನೋಡಿ ಬಿಟ್ಬಿಡ್ತೀವಿ. ಎರಡನೇ ಸಲ ಮಾಡಿದ್ದು ಗಾಯದ ಮೇಲೆ ಬರೆ ಎಳೆದ ಹಾಗೆ ಅಂತ ಆಮೇಲೆ ಪೇಪರಲ್ಲಿ ಓದಿದೆ."

ಒಂಬತ್ತು ವರ್ಷದ ಹಿಂದಿನ ಮಾತನ್ನು ಕೇಳುವ ಮೊದಲೇ ಆತ ಹೇಳಿದರು. ಅಕ್ಕತಂಗಿಯರ ತಾಯಿ ತೀರಿಕೊಂಡ ದಿನ ತಂಗಿ ಬಸ್ಸಿನಲ್ಲಿ ಬರುತ್ತಿದ್ದಳು. ದಾರಿಯಲ್ಲಿ ಸೇತುವೆ ಕೆಟ್ಟಿತ್ತು. ಗಾಡಿಗಳ ಲೆಕ್ಕ ಬಲ್ಲವನು ಮನೆಯಲ್ಲಿ ಆತನೊಬ್ಬನೇ. ಎಲ್ಲರೂ ಆತನ ಬಾಯಿ ನೋಡಿದರು. ಆ ಗಾಡಿ ಇವತ್ತು ಬರಲ್ಲ, ಕಾಯೋದು ಬೇಡ ಎಂದು ಆತ ಹೇಳಿದ. ತಾಯಿಯನ್ನು ಮಣ್ಣು ಮಾಡಿ ಬಂದ ನಲವತ್ತು ನಿಮಿಷಕ್ಕೆ ಆ ಬಸ್ಸು ಬಂತು. ತಾಯಿಯ ಮುಖ ನೋಡಲು ಸಿಗದೆ ಹಿಂತಿರುಗಿದ ತಂಗಿ ಮತ್ತೆ ಅಕ್ಕನ ಜೊತೆ ಮಾತಾಡಲಿಲ್ಲ. ಕಾಯಬೇಡಿ ಎಂದದ್ದು ಗಂಡ ಎಂದು ಅಕ್ಕ ಒಂದು ದಿನವೂ ಬಾಯಿ ಬಿಡದೆ ತಂಗಿಯ ಮುನಿಸನ್ನು ತಾನೇ ಹೊತ್ತುಕೊಂಡಳು.

"ಅವತ್ತು ಕಾಯಲಿಲ್ಲ. ಈ ಸಲ ಏನಾದ್ರೂ ಆಗಲಿ ಗಾಡೀನೇ ಕಾಯ್ಲಿ ಅಂದ್ಕೊಂಡೆ," ಎಂದರು ಆತ. "ಅವಳಿಗೆ ನೀವು ಹೇಳ್ತೀರೋ, ನಾನೇ ಹೇಳ್ಲೋ?"

ಹೇಳುವ ಅಗತ್ಯ ಬೀಳಲಿಲ್ಲ. ತಂಗಿ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ಲೋಟವನ್ನು ಮೇಜಿನ ಮೇಲಿಟ್ಟು ಅಲ್ಲೇ ಕುಸಿದು ಕೂತಳು.

"ಒಂದು ಗಂಟೆ ಆಗುತ್ತೆ ಅಂದಿದ್ದು ನಾನೇ," ಎಂದಳು.

"ನಿಂದೇನೂ ತಪ್ಪಿಲ್ಲಮ್ಮ. ಊರೋರಿಗೆಲ್ಲ ಪಾಠ ಹೇಳೋನು ನಾನು."

"ನಿಮಗೆ ಬೈದೆ ಭಾವ. ಫೋನಲ್ಲಿ."

"ನನಗೆಲ್ಲಿ ಬೈದೆ? ಫೋನ್ ಮಾಡಿದೋನಿಗೆ ಬೈದೆ."

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಇಂಥ ಅಳುವನ್ನು ಠಾಣೆಯ ಮೂವರೂ ಬೇಕಾದಷ್ಟು ನೋಡಿದವರು, ಆದರೂ ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತರು. ಆತ ಅವಳ ಹತ್ತಿರ ಹೋಗಲಿಲ್ಲ. ನಿಂತಲ್ಲಿಂದಲೇ ಹೇಳಿದರು. "ನಾಲ್ಕು ದಿನದಿಂದ ಒಂದು ಮಾತು ಹೇಳ್ಬೇಕು ಅಂತಿದೀನಿ, ನನ್ನ ಬಾಯಿಂದ ಹೇಗೆ ಹೇಳ್ಲಿ ಅಂತ ಬಿಟ್ಟಿದ್ದೆ. ಐದು ಗಂಟೆ ಹೊತ್ತಿಗೆ ನಿಮ್ಮಕ್ಕ ಗಡಿಯಾರ ನೋಡೋದು ನಿಲ್ಲಿಸಿದ್ಲು. ಅವಳು ಬಂದ್ಮೇಲೆ ಹೇಳಿ, ಅವತ್ತು ಅಮ್ಮನ ಹತ್ರ ನಾವು ಕಾಯ್ಬೇಕಿತ್ತು ಅಂತ ಹೇಳಿ ಅಂದ್ಲು. ಅಷ್ಟೇ ಅಂದಿದ್ದು."

ಮಹಜರ್ ಮಾಮ ದಸ್ತಗಿರಿ ಮೆಮೊ ಬರೆಯಲು ಕೂತರು. ಗೋಡೆ ಗಡಿಯಾರ ನೋಡಿ, ಸಮಯದ ಕಾಲಮಿನಲ್ಲಿ 'ಒಂದು' ಎಂದು ಬರೆದು ಪೆನ್ನು ನಿಲ್ಲಿಸಿದರು.

"ಹದಿಮೂರು ಸೊನ್ನೆ ಸೊನ್ನೆ ಅಂತ ಬರೀರಿ ಸಾರ್," ಎಂದರು ಆರೋಪಿ. "ಆಮೇಲೆ ಗೊಂದಲ ಆಗಬಾರದು."

ಮೆಮೊಗೆ ಆರೋಪಿಯ ಕುಟುಂಬದವರೊಬ್ಬರ ಸಹಿ ಬೇಕು. ಮನೆಯಲ್ಲಿದ್ದದ್ದು ಅವಳೊಬ್ಬಳೇ. 'ಸಂಬಂಧ' ಎಂದಿದ್ದ ಕಡೆ ಏನು ಬರೆಯಲಿ ಎಂದು ಮಾಮ ಕೇಳುವುದಕ್ಕೆ ಮುಂಚೆಯೇ ಅವಳು ಪೆನ್ನು ತೆಗೆದುಕೊಂಡು 'ತಂಗಿ' ಎಂದು ಬರೆದು ಸಹಿ ಹಾಕಿದಳು.

ಸ್ಥಳೀಯ ಠಾಣೆಗೆ ತಿಳಿಸಿ, ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಸ್ ನಿಲ್ದಾಣಕ್ಕೆ ಬಂದಾಗ ನಾಲ್ಕು ದಾಟಿತ್ತು. "ನಾಲ್ಕೂಕಾಲು ಗಾಡಿ ಇದೆ, ಮೂರನೇ ಪ್ಲಾಟ್‌ಫಾರಂ," ಎಂದು ಆರೋಪಿಯೇ ದಾರಿ ತೋರಿಸಿದರು. ಕೈಗೆ ಬೇಡಿ ಹಾಕಿರಲಿಲ್ಲ. ಬಸ್ಸಿನವರೆಲ್ಲ ನಮಸ್ಕಾರ ಹೇಳಿ, ಪಕ್ಕದ ಖಾಕಿಗಳನ್ನು ಕಂಡು ಮಾತು ನುಂಗಿಕೊಂಡರು. ನಾಲ್ವರೂ ಹತ್ತಿ ಕೂತರು. ಕಂಡಕ್ಟರ್ ಸೀಟಿ ಊದಿದ, ಇಂಜಿನ್ ಶುರುವಾಯಿತು.

ಆಗ ನಿಲ್ದಾಣದ ಆ ಕಡೆಯ ಗೇಟಿನಿಂದ ತಂಗಿ ಓಡಿ ಬರುವುದು ಕಾಣಿಸಿತು. ಕೈಯಲ್ಲಿ ಒಂದು ಚೀಲ. ಗಾಜಿನ ಕೋಣೆಯಲ್ಲಿದ್ದ ಸಹಾಯಕಿಗೂ ಕಾಣಿಸಿರಬೇಕು. ಮೈಕು ಗೊರಗೊರ ಎಂದಿತು. "ಮೂರನೇ ಪ್ಲಾಟ್‌ಫಾರಂ ಗಾಡಿ ಬಿಡಬೇಡಿ. ಒಬ್ಬರು ಬರ್ತಿದಾರೆ. ಹದಿನಾರು ಹದಿನೈದರ ಗಾಡಿ ಬಿಡಬೇಡಿ."

ಬಸ್ಸು ನಿಂತಿತು. ಅವಳು ಕಿಟಕಿಯ ಕೆಳಗೆ ಬಂದು ಚೀಲವನ್ನು ಮೇಲೆತ್ತಿ ಕೊಟ್ಟಳು. "ಬಿ.ಪಿ. ಮಾತ್ರೆ. ಊಟ ಆದ್ಮೇಲೆ ಒಂದು, ಮರೀಬೇಡಿ. ಒಂದು ಅಂಗಿ ಇದೆ. ಅಕ್ಕ ಹೊಲಿದಿದ್ದು, ಗುಂಡಿ ನಾನು ಹಾಕಿದೀನಿ." ಉಸಿರು ಸಿಗದೆ ನಿಂತು ಮತ್ತೆ ಹೇಳಿದಳು. "ನಾಳಿದ್ದು ಕೋರ್ಟಿಗೆ ಬರ್ತೀನಿ ಭಾವ. ಹತ್ತೂವರೆಗೆ. ಗಡಿಯಾರದ ಹತ್ತೂವರೆಗೆ."

ಆತ ತಲೆಯಾಡಿಸಿದರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಿಲ್ದಾಣ ದಾಟುವವರೆಗೂ ಹಿಂದಕ್ಕೆ ತಿರುಗಿಯೇ ಕೂತಿದ್ದರು.

ಊರು ದಾಟಿದ ಮೇಲೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದರು. ಎಲ್ಲ ತುಂಬಿತ್ತು, 'ಕೃತ್ಯದ ಉದ್ದೇಶ' ಎಂಬ ಕಾಲಂ ಒಂದು ಖಾಲಿ ಇತ್ತು. ಅವರು ಪಕ್ಕದಲ್ಲಿ ಕೂತವನನ್ನು ಕೇಳಿದರು. "ಈಗ ಗಾಡಿ ನಾಲ್ಕು ನಿಮಿಷ ಲೇಟಾಯ್ತಲ್ಲ. ನಿಮ್ಮ ಸಹಾಯಕಿ ರಿಜಿಸ್ಟರಿನಲ್ಲಿ ಕಾರಣ ಏನಂತ ಬರೀತಾಳೆ?"

"ಒಬ್ಬ ಪ್ರಯಾಣಿಕರಿಗಾಗಿ ಕಾದದ್ದು ಅಂತ. ಯಾವಾಗ್ಲೂ ಹಾಗೇ ಬರೆಯೋದು ಸಾರ್."

ಇನ್‌ಸ್ಪೆಕ್ಟರ್ ಅದನ್ನೇ ಬರೆದು ಡೈರಿ ಮುಚ್ಚಿದರು.